ಬೆರಕೆಯಲ್ಲಿ ಉಳಿದದ್ದೆಷ್ಟು? ಗೊಗೊಲ್ ಬೋರ್ಡೆಲ್ಲೊ ತಂಡದ ಸಂಗೀತ

‘ಫ್ಯೂಷನ್’ ಎಂಬ ಮಾತು ಈಗ ನಮ್ಮ ಸಂಘಗಳ ವೇದಿಕೆಗಳಲ್ಲೂ ಸಲೀಸಾಗಿ ಕೇಳಿಬರುತ್ತದೆ. ಎರಡು ಸಂಗೀತಗಳು ಬೆರೆತವೆಂದರೆ ನಾವು ಚಪ್ಪಾಳೆ ತಟ್ಟುತ್ತೇವೆ. ಬೆರೆತ ಮೇಲೆ ಯಾವುದು ಎಷ್ಟು ಉಳಿಯಿತು ಎಂದು ವಿಚಾರಿಸುವವರು ಕಡಿಮೆ. ನ್ಯೂಯಾರ್ಕಿನ ‘ಗೊಗೊಲ್ ಬೋರ್ಡೆಲ್ಲೊ’ ವಾದ್ಯತಂಡದ ಹಾಡುಗಳನ್ನು ಈ ಪ್ರಶ್ನೆಯೊಂದಿಗೆ ಪರಿಶೀಲಿಸುವುದು ಇಲ್ಲಿ ನನ್ನ ಉದ್ದೇಶ.

1999ರಲ್ಲಿ ಆರಂಭವಾದ ಈ ತಂಡದ ನಾಯಕ ಯುಜೀನ್ ಹುಟ್ಸ್ ಉಕ್ರೇನಿನ ಕೀವ್ ಬಳಿಯ ಬೋಯಾರ್ಕದವರು. 1986ರ ಚೆರ್ನೋಬಿಲ್ ದುರಂತದಿಂದಾಗಿ ಹುಡುಗನಾಗಿದ್ದಾಗಲೇ ಊರು ಬಿಡಬೇಕಾಯಿತು. ಮುಂದೆ ಅವರ ಕುಟುಂಬ ಪೋಲೆಂಡ್, ಹಂಗೇರಿ, ಆಸ್ಟ್ರಿಯ, ಇಟಲಿಗಳನ್ನು ಹಾದು ನಿರಾಶ್ರಿತರಾಗಿ ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಬಂತು. ಪಿಟೀಲಿನ ಸೆರ್ಗೆಯ್ ರ್ಯಾಬ್ಟ್ಸೆವ್ ರಷ್ಯದವರು. ನಂತರ ಸೇರಿದ ಬೇಸ್ ಗಿಟಾರಿನ ಥಾಮಸ್ ಗೊಬೆನಾ ಇಥಿಯೋಪಿಯದವರು, ತಾಳವಾದ್ಯದ ಪೆಡ್ರೊ ಎರಾಜೊ ಈಕ್ವೆಡಾರಿನವರು. ಒಟ್ಟಿನಲ್ಲಿ ಇದು ವಲಸಿಗರ ತಂಡ.

ಇವರ ಬೆರಕೆ ಗಟ್ಟಿಯಾಗಿ ಕೂಡಿಬಂದಿರುವುದು ಲಯದಲ್ಲಿ. ಪೂರ್ವ ಯುರೋಪಿನ ಮದುವೆ ಕುಣಿತಗಳಲ್ಲಿ ಪೆಟ್ಟಿನ ಮೇಲೆ ಮಂದ್ರ ಸ್ವರ ಬೀಳುತ್ತದೆ, ಪೆಟ್ಟುಗಳ ನಡುವಿನ ಎಡೆಯಲ್ಲಿ ಚುರುಕಾದ ಮೀಟು. ಅಮೆರಿಕದ ಕಂಟ್ರಿ ಸಂಗೀತದ ‘ಧುಂ-ತಕ’ ನಡೆಯೂ ಇದೇ. ಜಾನಿ ಕ್ಯಾಶ್ ಹಾಡುಗಳನ್ನು ಕೇಳಿದವರಿಗೆ ಇದು ಪರಿಚಿತ. ಪಂಕ್ ಈ ನಡೆಯನ್ನು ಓಟವಾಗಿಸುತ್ತದೆ. ಬುಡದಲ್ಲೇ ಇಂಥ ಹೊಂದಾಣಿಕೆ ಇರುವುದರಿಂದ ಪಿಟೀಲು, ಅಕಾರ್ಡಿಯನ್‌ಗಳು ಇಲ್ಲಿ ಗಿಟಾರಿನ ಮೇಲೆ ಅಂಟಿಸಿದ ಅಲಂಕಾರಗಳಂತೆ ಕೇಳುವುದಿಲ್ಲ.

ಎರಡನೆಯ ಗುಣ ಮಾತಿನದು. ತಂಡದ ಹೆಸರಿನಲ್ಲಿರುವ ಗೊಗೊಲ್, ಉಕ್ರೇನಿನ ಬದುಕನ್ನು ರಷ್ಯನ್ ಸಾಹಿತ್ಯದೊಳಗೆ ತಂದ ಲೇಖಕ. ಹುಟ್ಸ್ ಇಂಗ್ಲಿಷಿನೊಳಗೆ ಅದೇ ಕೆಲಸ ಮಾಡುತ್ತಾರೆ. 2010ರ ‘ಟ್ರಾನ್ಸ್-ಕಾಂಟಿನೆಂಟಲ್ ಹಸಲ್’ ಆಲ್ಬಮ್ಮಿನ ‘ಇಮಿಗ್ರನಿಯಾಡ’ದಲ್ಲಿ ವಲಸಿಗರ ಪಾಡನ್ನು ಹಾಡುವಾಗಲೂ ತಮ್ಮ ಉಚ್ಚಾರಣೆಯ ಒರಟನ್ನು ಅವರು ನಯಗೊಳಿಸುವುದಿಲ್ಲ. ರೋಗಿಗಳಿಗೆ ಅರ್ಥವಾಗಲೆಂದು ಉಚ್ಚಾರಣೆ ತಿದ್ದಿಕೊಳ್ಳುತ್ತಲೇ ವೈದ್ಯವೃತ್ತಿ ಮುಗಿಸಿದ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಆದರೆ ಆಕ್ಷೇಪಕ್ಕೂ ಎಡೆಯಿದೆ. ಸ್ಟೀವ್ ಆಲ್ಬಿನಿ ಧ್ವನಿಮುದ್ರಿಸಿದ 2005ರ ಆಲ್ಬಮ್ಮಿನ ಹೆಸರೇ ‘ಜಿಪ್ಸಿ ಪಂಕ್ಸ್’. ‘ಈಜಿಪ್ಟಿನವರು’ ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ‘ಜಿಪ್ಸಿ’ ಪದವನ್ನು ರೋಮಾ ಜನರಲ್ಲಿ ಅನೇಕರು ಅವಮಾನವೆಂದೇ ಎಣಿಸುತ್ತಾರೆ. ಅವರ ಮೂಲವಿರುವುದು ಭಾರತದಲ್ಲಿ. ರೋಮಾನಿ ಭಾಷೆಯಲ್ಲಿ ನೀರಿಗೆ ‘ಪಾಣಿ’, ಮೂಗಿಗೆ ‘ನಖ್’. ಜನ್ಮತಃ ಬರುವ ಒಂದು ಬಗೆಯ ಸ್ನಾಯುದೌರ್ಬಲ್ಯಕ್ಕೆ ಕಾರಣವಾದ ಒಂದೇ ವಂಶವಾಹಿ ದೋಷ ರೋಮಾ ಕುಟುಂಬಗಳಲ್ಲೂ ಭಾರತ, ಪಾಕಿಸ್ತಾನಗಳ ರೋಗಿಗಳಲ್ಲೂ ಕಂಡುಬಂದಿದೆ. ಹುಟ್ಸ್ ಅವರ ತಾಯಿಯ ಕಡೆಯಲ್ಲಿ ರೋಮಾ ರಕ್ತವಿದೆ. ಹಾಗಾಗಿ ಆ ಹೆಸರನ್ನು ಬಳಸುವ ಹಕ್ಕು ಅವರಿಗಿಲ್ಲವೆಂದು ನಾನು ಹೇಳಲಾರೆ. ನನ್ನ ತಕರಾರು ಹೆಸರಿನ ಜೊತೆಗೆ ಬರುವ ಚಿತ್ರದ ಬಗ್ಗೆ: ಕುಡಿತ, ಕುಣಿತ, ಕಟ್ಟಿಲ್ಲದ ಅಬ್ಬರ.

ಬಾಲ್ಕನ್ ನಾಡುಗಳ ರೋಮಾ ವಾದಕರ ಸಂಗೀತಕ್ಕೆ ಬಿಗಿಯಾದ ಕಟ್ಟಿದೆ. ಅಲ್ಲಿ ಏಳು, ಒಂಬತ್ತು ಎಣಿಕೆಯ ಕುಣಿತಗಳಿವೆ. ಒಂಬತ್ತನ್ನು ಎರಡು, ಎರಡು, ಎರಡು, ಮೂರು ಎಂದು ಒಡೆದು ನುಡಿಸುತ್ತಾರೆ. ನಮ್ಮ ಮಿಶ್ರಛಾಪುವಿನ ಮೂರು-ನಾಲ್ಕು ನಡೆ ಬಲ್ಲ ಕಿವಿಗೆ ಆ ಕುಂಟು ಹೆಜ್ಜೆಯ ಸೊಗಸು ಬೇಗ ಹಿಡಿಯುತ್ತದೆ. ಗೊಗೊಲ್ ಬೋರ್ಡೆಲ್ಲೊ ಹಾಡುಗಳಲ್ಲಿ ಅದು ಬಹುಮಟ್ಟಿಗೆ ಸಮಪೆಟ್ಟಿನ ಓಟದಲ್ಲಿ ಕರಗಿಹೋಗಿದೆ. ಸಾವಿರಾರು ಜನ ಒಟ್ಟಿಗೆ ನೆಗೆಯಲು ಸಮಪೆಟ್ಟೇ ಸುಲಭ; ಆ ಸುಲಭಕ್ಕೆ ತೆತ್ತ ಬೆಲೆ ಇದು.

ತಂಡಕ್ಕೆ ನಿಧಾನ ಬಾರದೆಂದಲ್ಲ. ಅದೇ 2010ರ ಆಲ್ಬಮ್ಮಿನ ‘ಸನ್ ಈಸ್ ಆನ್ ಮೈ ಸೈಡ್’ನಲ್ಲಿ ಅಬ್ಬರ ಹಿಂದೆ ಸರಿದು, ದನಿಗೂ ಅಕಾರ್ಡಿಯನ್ನಿಗೂ ಉಸಿರಾಡಲು ಜಾಗ ಸಿಗುತ್ತದೆ. ಇವರ ಹಾಡುಗಳಲ್ಲಿ ನನಗೆ ಹೆಚ್ಚು ಮೆಚ್ಚಾದದ್ದು ಅದೇ.

ಉಚ್ಚಾರಣೆಯನ್ನು ಬಿಟ್ಟುಕೊಡದ ಈ ತಂಡ ತಾಳವನ್ನು ಬಿಟ್ಟುಕೊಟ್ಟಿತು ಎಂಬುದು ನನ್ನ ತೀರ್ಮಾನ. ನಮ್ಮ ಮಕ್ಕಳು ದಾಸರ ಪದಕ್ಕೆ ಡ್ರಮ್ಸ್ ಸೇರಿಸಿದಾಗ ನಾವು ಹಿರಿಯರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಆ ಪದ ಮಿಶ್ರಛಾಪುವಿನಲ್ಲಿದ್ದರೆ, ಡ್ರಮ್ಸ್ ಕೂಡ ಏಳನ್ನೇ ಎಣಿಸುತ್ತಿದೆಯೇ ಎಂದು ಮಾತ್ರ ಕೇಳೋಣ.