ಪೀಪಾಯಿಯ ಪಾಠವೂ ಅಕ್ಕಡಿಯ ವಿದ್ಯೆಯೂ

ಸುಭಾಷ್ ಪಾಳೇಕರರು ಪ್ರತಿಪಾದಿಸಿದ ಶೂನ್ಯ ಬಂಡವಾಳದ ಕೃಷಿ ಯಾವುದು, ರಾಜ್ಯ ರೈತ ಸಂಘ ಅದನ್ನು ಕರ್ನಾಟಕದ ಹಳ್ಳಿಗಳಿಗೆ ಒಯ್ದ ಬಗೆ ಯಾವುದು ಎಂಬುದನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನನ್ನ ವಿಚಾರ ಆ ಕೃಷಿಯನ್ನು ಕೈಯಾರೆ ಕಲಿಸುವೆವೆಂದು ನಡೆಯುವ ಶಿಬಿರಗಳ ಬೋಧನಕ್ರಮಕ್ಕೆ ಸಂಬಂಧಿಸಿದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆಮ್ಮಣ್ಣಿನ ಮೇಲೆ ನಿಂತು ನೋಡಿದರೆ, ಆ ಕ್ರಮಕ್ಕೆ ಸಂದಿರುವ ಕೀರ್ತಿ ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದೆಯೆಂದೂ, ರಾಗಿಯ ನಡುವೆ ಅವರೆ, ತೊಗರಿಗಳ ಸಾಲು ಬಿತ್ತುವ ಇದೇ ಸೀಮೆಯ ಅಕ್ಕಡಿ ಬೇಸಾಯಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೂ ನಾನು ತಿಳಿದಿದ್ದೇನೆ.

ಶಿಬಿರದ ಹೃದಯಸ್ಥಾನದಲ್ಲಿರುವುದು ಜೀವಾಮೃತದ ಪ್ರಾತ್ಯಕ್ಷಿಕೆ. ಪೀಪಾಯಿಯಲ್ಲಿ 200 ಲೀಟರು ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರು ಗಂಜಲ, ಬೆಲ್ಲ 2 ಕಿಲೋ, ದ್ವಿದಳಧಾನ್ಯದ ಹಿಟ್ಟು 2 ಕಿಲೋ, ಬದುವಿನದೊಂದು ಹಿಡಿ ಮಣ್ಣು. ಇವನ್ನು ಕೋಲಿನಿಂದ ತಿರುವಿ ನೆರಳಿನಲ್ಲಿ 48 ಗಂಟೆ ಇಟ್ಟರೆ ಎಕರೆಗೆ ಸಾಕಾಗುವಷ್ಟು ಸಿದ್ಧವಾಗುವುದು. ಈ ಪಾಠದಿಂದ ಕಲಿಯುವವನ ಕೈಗೆ ದಕ್ಕಿದ್ದೇನು? ಅಳತೆ ದಕ್ಕಿತು, ಅದು ಒಂದು ಚೀಟಿಯಲ್ಲಿ ಬರೆದುಕೊಂಡರೂ ದಕ್ಕುತ್ತಿತ್ತು. ಮೊದಲ ಸಲ ತಿರುವಿದವನ ಪೀಪಾಯಿಗೂ ನೂರನೆಯ ಸಲ ತಿರುವಿದವನ ಪೀಪಾಯಿಗೂ ಹೇಳಿಕೊಳ್ಳತಕ್ಕ ಅಂತರವಿಲ್ಲ. ಅಭ್ಯಾಸದಿಂದ ಬೆಳೆಯದ ಕೆಲಸವನ್ನು ಹಸ್ತವಿದ್ಯೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಅದಲ್ಲದೆ, ನಾಟಿ ಹಸುವಿನ ಸಗಣಿಯೇ ಆಗಬೇಕೆಂಬ ವಿಧಿಯನ್ನು ಬೋಧಿಸುತ್ತಿರುವುದು, ಸೀಮೆಹಸುವಿನ ಹಾಲನ್ನು ದಿನಕ್ಕೆರಡು ಬಾರಿ ಡೇರಿಗೆ ಹಾಕಿ ಸಂಸಾರ ತೂಗಿಸುವ ಜಿಲ್ಲೆಯಲ್ಲಿ! ಹಾಯಿಸುವ ನೀರಿನೊಡನೆ ಜೀವಾಮೃತವನ್ನು ತಿಂಗಳಿಗೊಂದೆರಡು ಸಲ ಹೊಲಕ್ಕೆ ಬಿಡಬೇಕೆಂಬ ಮಾತಿಗೆ, ಕೊಳವೆಬಾವಿ ಸಾವಿರ ಅಡಿ ದಾಟಿಯೂ ಬತ್ತಿಹೋದ, ಮುಗಿಲನ್ನೇ ನೆಚ್ಚಿ ರಾಗಿ ಬಿತ್ತುವ ರೈತ ಏನೆಂದು ಉತ್ತರ ಕೊಟ್ಟಾನು?

ಇನ್ನು ಅಕ್ಕಡಿಯನ್ನು ನೋಡೋಣ. ಹದವಾದ ಮಳೆ ಬಿದ್ದ ಆಷಾಢದ ಬೆಳಗ್ಗೆ ಎತ್ತುಗಳು ಕೂರಿಗೆಯನ್ನು ಎಳೆಯುತ್ತಿರಲು, ಬಟ್ಟಲಿಗೆ ರಾಗಿಯನ್ನು ಬಿಡುವ ಕೈ ಒಂದು. ಹಿಂದೆ ಕಟ್ಟಿದ ಬಿದಿರಿನ ಕೊಳವೆಗೆ ಅವರೆಯನ್ನೋ ತೊಗರಿಯನ್ನೋ ಎಣಿಸಿದಂತೆ ಬಿಡುವ ಕೈ ಇನ್ನೊಂದು. ಸಾಸಿವೆಗಿಂತಲೂ ಸಣ್ಣದಾದ ರಾಗಿಯ ಕಾಳು ಬೆರಳ ಸಂದಿನಲ್ಲಿ ಎಷ್ಟು ಜಾರಬೇಕೆಂಬುದನ್ನು ಯಾವ ಗುರುವೂ ಮಾತಿನಿಂದ ತಿಳಿಸಲಾರನು. ಎತ್ತಿನ ನಡೆ ಬಿರುಸಾದರೆ ಬೆರಳೂ ಬಿರುಸಾಗಬೇಕು, ತಿರುವಿನಲ್ಲಿ ಮುಷ್ಟಿ ತಾನಾಗಿ ಬಿಗಿಯಬೇಕು. ತಪ್ಪಿದ್ದು ಅಂದೇ ತಿಳಿಯದು. ವಾರ ಕಳೆದು ಪೈರು ಹುಟ್ಟಿದಾಗ, ಒತ್ತಾದ ಕಡೆ ಒತ್ತಾಗಿ, ಬರಿದಾದ ಕಡೆ ಬರಿದಾಗಿ, ಬಿತ್ತಿದವಳ ಕೈಬರಹ ಹೊಲದ ತುಂಬ ಕಾಣುವುದು. ಬಳಿಕ ಹಲುಬೆ ಹೊಡೆದು ಪೈರು ತೆಂಡೆಯೊಡೆಯುವಂತೆ ಮಾಡುವುದು ಬೇರೊಂದು ಪಾಠ. ಅಂಚಿನ ಹರಳು, ಜೇನನ್ನು ಕರೆಯುವ ಹುಚ್ಚೆಳ್ಳು, ನಡುವಣ ಅಲಸಂದೆ ಇವುಗಳ ಕೊಯ್ಲಿನ ಕಾಲ ತಿಳಿಯುವುದು ಮತ್ತೊಂದು. ರಾಗಿ ಕೊಯ್ದ ಹೊಲದಲ್ಲಿ, ಹಗಲು ಕಿರಿದಾಗಿ ಇಬ್ಬನಿ ಬೀಳುವ ವೇಳೆಗೆ ಹೂ ಬಿಡುವ ನಾಡ ಅವರೆ ಸಂಕ್ರಾಂತಿಯ ಮಡಕೆಗೆ ಕಾಯಿ ಕೊಡುವುದು. ಬಿತ್ತನೆಯಿಂದ ಅಲ್ಲಿಯವರೆಗೆ ಆರು ತಿಂಗಳು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಶಿಫಾರಸು ಮಾಡಿದುದು ಈ ಹಳೆಯ ಜ್ಞಾನಕ್ಕೆ ಅಂಕಿಯ ಉಡುಪು ತೊಡಿಸಿದುದೇ ಸರಿ.

ವಿಮರ್ಶಕರೊಡನೆ ನನ್ನ ಜಗಳವೂ ಇಲ್ಲಿಯೇ. 2019ರ ಕೇಂದ್ರ ಮುಂಗಡಪತ್ರದಲ್ಲಿ ಶೂನ್ಯ ಬಂಡವಾಳದ ಕೃಷಿಯ ಪ್ರಸ್ತಾಪ ಬಂದುದೇ ತಡ, ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ ವಿದ್ವಾಂಸರು ಅದನ್ನು ಪ್ರಮಾಣಸಿದ್ಧವಲ್ಲವೆಂದು ಖಂಡಿಸಿದರು. ಪೀಪಾಯಿಯಲ್ಲಿ ಸಾರಜನಕವೆಷ್ಟೆಂದು ಇವರು ಕೇಳಿದರೆ, ಸೂಕ್ಷ್ಮಜೀವಿಗಳೆಷ್ಟೆಂದು ನೋಡಿರೆಂದು ಆ ಕೃಷಿಯ ಪ್ರತಿಪಾದಕರು ಉತ್ತರಿಸಿದರು; ಉಭಯಪಕ್ಷದವರೂ ಪೀಪಾಯಿಯೊಳಗೇ ಇಣುಕುತ್ತಿರಲಾಗಿ, ಹೊರಗೆ ಕೂರಿಗೆ ಅಟ್ಟ ಸೇರಿತು, ಟ್ರ್ಯಾಕ್ಟರು ಉತ್ತ ನೆಲಕ್ಕೆ ರಾಗಿಯನ್ನು ಎರಚುವುದು ವಾಡಿಕೆಯಾಯಿತು. ಅಕ್ಕಡಿಯನ್ನು ಜಾನಪದದ ಸಿರಿಯೆಂದು ಹೊಗಳಿ ಬರೆದವರ ಮೇಲೆ ನನಗೆ ಇನ್ನೂ ಹೆಚ್ಚಿನ ಆಕ್ಷೇಪವುಂಟು: ಹೊಗಳಿದವರಲ್ಲಿ ಅದನ್ನು ಒಬ್ಬನಿಗಾದರೂ ಕಲಿಸುವ ಏರ್ಪಾಡು ಮಾಡಿದವರು ವಿರಳ.

ಜೀವಾಮೃತ ಅನೇಕರನ್ನು ಗೊಬ್ಬರದಂಗಡಿಯ ಸಾಲದ ಭಯದಿಂದ ಬಿಡಿಸಿತೆಂಬುದನ್ನು ಒಪ್ಪುತ್ತೇನೆ. ಶಿಬಿರವೆಂದರೆ ಹೀಗೆಯೇ ಇರತಕ್ಕದ್ದೆಂದೂ ಇಲ್ಲ. ದೊಡ್ಡಬಳ್ಳಾಪುರದ ಮರಳೇನಹಳ್ಳಿಯಲ್ಲಿ ತಮ್ಮ ತೋಟವನ್ನೇ ಪಾಠಶಾಲೆಯಾಗಿಸಿದ್ದ, 2019ರಲ್ಲಿ ಅಗಲಿದ ಎಲ್. ನಾರಾಯಣರೆಡ್ಡಿಯವರು ಬೇರೆ ದಾರಿ ತೋರಿಸಿದ್ದರು. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿ ಒಂದು ಎಕರೆಯನ್ನು ಅಕ್ಕಡಿಗೆ ಮೀಸಲಿಟ್ಟು, ಅದೇ ಶಿಷ್ಯರನ್ನು ಬಿತ್ತನೆಗೆ, ಹಲುಬೆಗೆ, ಕಳೆಗೆ, ಕೊಯ್ಲಿಗೆ, ಅವರೆ ಬಿಡಿಸುವುದಕ್ಕೆ ಐದು ಬಾರಿ ಕರೆಸಬೇಕು. ಕೂರಿಗೆಯ ಹಿಂದೆ ಕಾಳು ಬಿಟ್ಟು ನುರಿತ ಮುಳಬಾಗಿಲು ಸೀಮೆಯ ಮುದುಕಿಯರನ್ನು, ಅವರ ಬೆರಳುಗಳು ಇನ್ನೂ ಆಡುತ್ತಿರುವಾಗಲೇ, ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ಬರುವ ಆಷಾಢದಲ್ಲಿ ಮೊದಲ ಸಾಲಿಗೆ ನಿಲ್ಲಿಸಬೇಕು.