ರಜತಪಟ್ಟಿಯೂ ಸುಶ್ರುತನ ‘ಲೌಹ’ಶಬ್ದವೂ

ಯಾವುದಾದರೊಂದು ನೂತನ ಚಿಕಿತ್ಸೆಯು ಪ್ರಚಾರಕ್ಕೆ ಬಂದೊಡನೆ ಅದರ ಬೀಜವು ಪ್ರಾಚೀನಗ್ರಂಥಗಳಲ್ಲಿ ಆಗಲೇ ಇದ್ದಿತೆಂದು ಸಾಧಿಸುವ ವಾಡಿಕೆಯು ವಿದ್ವಾಂಸರಿಗೆ ಅಪರಿಚಿತವಲ್ಲ. ಸುಟ್ಟ ಗಾಯಗಳಿಗೂ, ಮಧುಮೇಹಿಗಳ ಪಾದದಲ್ಲಿ ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣುಗಳಿಗೂ ಆಸ್ಪತ್ರೆಗಳಲ್ಲಿ ಈಗ ಕಟ್ಟುತ್ತಿರುವ ಬೆಳ್ಳಿಯ ಅಂಶವುಳ್ಳ ಪಟ್ಟಿಗಳ ವಿಷಯದಲ್ಲಿಯೂ ಇದಕ್ಕೆ ಅವಕಾಶವುಂಟು. ಸುಶ್ರುತಸಂಹಿತೆಯ ಸೂತ್ರಸ್ಥಾನದ 18ನೆಯ ಅಧ್ಯಾಯವು ವ್ರಣಬಂಧನದ ದ್ರವ್ಯಗಳನ್ನು ಎಣಿಸುವಾಗ ನಾರುಬಟ್ಟೆ, ಹತ್ತಿ, ಉಣ್ಣೆ, ರೇಷ್ಮೆ, ಚರ್ಮ, ಮರದ ಒಳತೊಗಟೆ, ಸೋರೆಬುರುಡೆಯ ಹೋಳು, ಬಳ್ಳಿ, ಹಗ್ಗ ಮುಂತಾದವುಗಳ ಕೊನೆಯಲ್ಲಿ ‘ಲೌಹ’ವನ್ನೂ ಹೇಳಿದೆ. 38ನೆಯ ಅಧ್ಯಾಯದ ತ್ರಪ್ವಾದಿಗಣದಲ್ಲಿ ರಜತವು ಸೇರಿದೆ. ಆ ಗಣಕ್ಕೆ ಕ್ರಿಮಿಹರವೆಂಬ ಪ್ರಶಂಸೆಯೂ ಇದೆ. ಎರಡನ್ನೂ ಜೋಡಿಸಿದರೆ ರಜತಪಟ್ಟಿಯು ಸಿದ್ಧವಾಯಿತು! ಈ ಜೋಡಣೆಯು ನಿಲ್ಲತಕ್ಕದ್ದೇ ಎಂಬುದು ವಿಚಾರಾರ್ಹವಾಗಿದೆ.

ಲೌಹಶಬ್ದವು ಲೋಹದಿಂದಾದುದನ್ನು ಸಾಮಾನ್ಯವಾಗಿ ಹೇಳುತ್ತದೆ. 7ನೆಯ ಅಧ್ಯಾಯದಲ್ಲಿ ಯಂತ್ರಗಳು ಪ್ರಾಯಶಃ ಲೌಹಗಳೆಂದಿರುವುದನ್ನು ಓದಿ ಬೆಳ್ಳಿಯ ಇಕ್ಕಳವನ್ನು ಯಾರೂ ಊಹಿಸುವುದಿಲ್ಲ. ರಜತವನ್ನೇ ಹೇಳಬೇಕಾದ ಕಡೆ ಆಚಾರ್ಯನು ರಜತವೆಂದೇ ಹೇಳಿದ್ದಾನೆ. ತ್ರಪ್ವಾದಿಗಣವೇ ಅದಕ್ಕೆ ಸಾಕ್ಷಿ. ಪ್ರಕರಣವನ್ನು ನೋಡಿದರಂತೂ ಸಂದೇಹವೇ ಉಳಿಯದು. ಬಳ್ಳಿ, ಹಗ್ಗ, ಬುರುಡೆಯ ಹೋಳುಗಳು ಹಿಡಿದು ನಿಲ್ಲಿಸುವ ಸಾಧನಗಳು. ಸೋರೆಬುರುಡೆಯಲ್ಲಿ ಔಷಧಗುಣವನ್ನು ಹುಡುಕದವರು ಅದೇ ಪಂಕ್ತಿಯಲ್ಲಿ ಕುಳಿತಿರುವ ಲೌಹದಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ.

ಇನ್ನು ಕ್ರಿಮಿಹರತ್ವ. ತ್ರಪ್ವಾದಿಗಣದ ಫಲಶ್ರುತಿಯಲ್ಲಿ ಗರ, ಕ್ರಿಮಿ, ಬಾಯಾರಿಕೆ, ವಿಷ, ಹೃದ್ರೋಗ, ಪಾಂಡು, ಮೇಹಗಳು ಬಂದಿವೆ, ವ್ರಣದ ಹೆಸರಿಲ್ಲ. ವ್ರಣದಲ್ಲಿ ಹುಟ್ಟುವ ಕ್ರಿಮಿಗಳನ್ನು ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯವು ಬೇರೆಯಾಗಿಯೇ ಹೇಳುತ್ತದೆ. ಅವು ನೊಣಗಳಿಂದ ಬಂದು ಕಣ್ಣಿಗೆ ಕಾಣುವ ಹುಳುಗಳು. ಅವುಗಳಿಗೆ ವಿಹಿತವಾದುದು ಸುರಸಾದಿಗಣವೇ ಹೊರತು ರಜತವಲ್ಲ. ಕ್ರಿಮಿಯೆಂಬಲ್ಲೆಲ್ಲ ಸೂಕ್ಷ್ಮದರ್ಶಕದ ಬ್ಯಾಕ್ಟೀರಿಯವನ್ನು ತುಂಬಿದರೆ ಗ್ರಂಥವು ದೊಡ್ಡದಾಗುವುದಿಲ್ಲ, ಅರ್ಥವು ಕೆಡುತ್ತದೆ.

ಇದಕ್ಕಿಂತ ಬಲವತ್ತರವಾದ ಬಾಧಕವು ಅದೇ 18ನೆಯ ಅಧ್ಯಾಯದಲ್ಲಿದೆ. ಕಟ್ಟಬಾರದ ವ್ರಣಗಳ ಗಣನೆಯಲ್ಲಿ ಅಗ್ನಿದಗ್ಧರ ವ್ರಣವೂ ಮಧುಮೇಹಿಗಳ ಪಿಡಕೆಯೂ ಸ್ಪಷ್ಟವಾಗಿ ಸೇರಿವೆ. ರಜತಪಟ್ಟಿಗೆ ಇಂದು ಮುಖ್ಯಕ್ಷೇತ್ರಗಳಾಗಿರುವುವು ಸುಟ್ಟ ಗಾಯ ಮತ್ತು ಮಧುಮೇಹದ ಹುಣ್ಣು. ಮೂಲವೆಂದು ತೋರಿಸುವ ಅಧ್ಯಾಯವೇ ಅಂತಹ ವ್ರಣಗಳಿಗೆ ಬಂಧವನ್ನು ನಿಷೇಧಿಸಿರುವಾಗ ಜೋಡಣೆಯು ಹೇಗೆ ನಿಲ್ಲಬೇಕು? ಲೌಹಪದದವರೆಗೆ ಓದಿ ಪುಸ್ತಕವನ್ನು ಮುಚ್ಚಿದವರಿಗೆ ಮಾತ್ರ ಇದು ಕಾಣದು.

ರಜತಪಟ್ಟಿಯ ವ್ಯಾಪಾರವೂ ಬೇರೆಯೇ. ಅಲ್ಲಿ ಕೆಲಸ ಮಾಡುವುದು ಲೋಹದ ತಗಡಲ್ಲ. ವ್ರಣದ ತೇವದಲ್ಲಿ ಬಿಡುಗಡೆಯಾಗುವ ಬೆಳ್ಳಿಯ ಅಯಾನು. ಅದು ಜೀವಾಣುವಿನ ಪೊರೆಯನ್ನೂ ಗಂಧಕಯುಕ್ತವಾದ ಪ್ರೋಟೀನುಗಳನ್ನೂ ಹಿಡಿದು ಅದರ ಉಸಿರಾಟವನ್ನು ಕೆಡಿಸುತ್ತದೆ. ಆದರೆ ವ್ರಣಸ್ರಾವದಲ್ಲಿರುವ ಕ್ಲೋರೈಡು ಮತ್ತು ಪ್ರೋಟೀನುಗಳು ಆ ಅಯಾನನ್ನೇ ಕಟ್ಟಿಹಾಕುವುದರಿಂದ ಗಾಜಿನ ನಳಿಗೆಯಲ್ಲಿ ಕಂಡ ಫಲವು ದೇಹದಲ್ಲಿ ಅಷ್ಟೇ ಕಾಣುವುದಿಲ್ಲ. ಅಮೇರಿಕದಲ್ಲಿ ಮೊಯರನು 1965ರಲ್ಲಿ ಶೇಕಡ 0.5ರ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ, ಫಾಕ್ಸನು 1968ರಲ್ಲಿ ಸಿಲ್ವರ್ ಸಲ್ಫಾಡಯಜೀನನ್ನೂ ಸುಟ್ಟ ಗಾಯಗಳಿಗೆ ಬಳಕೆಗೆ ತಂದ ಮೇಲೆ ಈ ಪಟ್ಟಿಗಳ ಪರಂಪರೆಯು ಬೆಳೆಯಿತು. ಅದರ ಮಹಿಮೆಯೂ ನಿರ್ವಿವಾದವಲ್ಲ. ಬ್ರಿಟನ್ನಿನಲ್ಲಿ ಕಾಲಿನ ಸಿರಾವ್ರಣವುಳ್ಳ 213 ಮಂದಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ವಲ್ಕನ್ ಪರೀಕ್ಷೆಯಲ್ಲಿ, 12 ವಾರಗಳಾದ ಮೇಲೆ ಮಾಯುವುದರಲ್ಲಿ ಸಾಮಾನ್ಯ ಪಟ್ಟಿಗೂ ರಜತಪಟ್ಟಿಗೂ ಗಣನೀಯ ಭೇದವು ಕಾಣಲಿಲ್ಲ. ವೆಚ್ಚ ಮಾತ್ರ ಹೆಚ್ಚಿತು. ಕಾಕ್ರೇನ್ ಸಂಸ್ಥೆಯು 2010ರಲ್ಲಿ 26 ಪರೀಕ್ಷೆಗಳನ್ನು, ಎಂದರೆ 2066 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ರಜತವು ವ್ರಣವನ್ನು ಮಾಯಿಸುತ್ತದೆಂಬುದಕ್ಕಾಗಲಿ ಸೋಂಕನ್ನು ತಡೆಯುತ್ತದೆಂಬುದಕ್ಕಾಗಲಿ ಸಾಕಷ್ಟು ಪ್ರಮಾಣವಿಲ್ಲವೆಂದಿತು. ವೈದ್ಯರೇ ಸಂಶಯಿಸುತ್ತಿರುವ ಕೀರ್ತಿಯನ್ನು ಆಚಾರ್ಯನ ತಲೆಗೆ ಕಟ್ಟುವ ಆತುರವು ವಿಚಿತ್ರವಾಗಿದೆ.

ಆ ಅಧ್ಯಾಯದಲ್ಲಿ ನಿಜವಾಗಿ ಗಮನಾರ್ಹವಾದುದು ಲೌಹವಲ್ಲ, ಕಾಲವಿವೇಕ. 14 ಬಗೆಯ ಬಂಧಗಳನ್ನು ಹೇಳಿದ ಸುಶ್ರುತನು ಪಿತ್ತಜವ್ರಣವನ್ನು ಶರದ್ಗ್ರೀಷ್ಮಗಳಲ್ಲಿ ದಿನಕ್ಕೆ ಎರಡು ಬಾರಿಯೂ, ಕಫಜವನ್ನು ಹೇಮಂತವಸಂತಗಳಲ್ಲಿ ಮೂರು ದಿನಕ್ಕೊಮ್ಮೆಯೂ ಕಟ್ಟಬೇಕೆನ್ನುತ್ತಾನೆ. 2012ರಲ್ಲಿ ಅಂತರರಾಷ್ಟ್ರೀಯ ತಜ್ಞರು ರಜತಪಟ್ಟಿಯನ್ನು ಎರಡು ವಾರ ಕಟ್ಟಿ ಅನಂತರ ಮುಂದುವರಿಸಬೇಕೇ ಎಂದು ಪುನಃ ಪರೀಕ್ಷಿಸಬೇಕೆಂದರು. ಅದಕ್ಕೂ ಇದೇ ಮೂಲವೆಂದು ಯಾರೂ ಬರೆಯದಿದ್ದರೆ ಸಾಕು.