ವಿಡಿಯೋ ಗೇಮಿನ ಸ್ವರಗಳೂ ಅಭಿಮಾನಿಗಳ ಆಡಂಬರವೂ

ವಿಡಿಯೋ ಗೇಮುಗಳ ಸಂಗೀತವನ್ನು ಎತ್ತಿಕೊಂಡು, ಅದಕ್ಕೆ ಸ್ವಂತ ವಾದ್ಯಸಂಯೋಜನೆಯನ್ನು ಕಲ್ಪಿಸಿ ಹಂಚುವ ಅಭಿಮಾನಿಗಳ ಕೂಟಗಳಲ್ಲಿ, 1999ರ ಡಿಸೆಂಬರಿನಲ್ಲಿ ಅಮೆರಿಕದ ಡೇವಿಡ್ ಲಾಯ್ಡ್ ಎಂಬವರು ಪ್ರಾರಂಭಿಸಿದ ಓವರ್‌ಕ್ಲಾಕ್ಡ್ ರೀಮಿಕ್ಸ್‌ಗೆ ದೊರೆತಷ್ಟು ಕೀರ್ತಿ ಬೇರಾವುದಕ್ಕೂ ದೊರೆತಂತಿಲ್ಲ. ನಾಲ್ಕು ಸಾವಿರಕ್ಕೂ ಮಿಕ್ಕ ರಚನೆಗಳನ್ನು ಅದು ಕಾಸು ಕೇಳದೆ ಲೋಕಕ್ಕೆ ಒಪ್ಪಿಸಿದೆ; 2008ರಲ್ಲಿ ಕ್ಯಾಪ್‌ಕಾಮ್ ಕಂಪನಿಯು ತನ್ನ ಸ್ಟ್ರೀಟ್ ಫೈಟರ್ ಆಟದ ಹೊಸ ಆವೃತ್ತಿಯೊಂದಕ್ಕೆ ಈ ಹವ್ಯಾಸಿಗಳ ಸಂಯೋಜನೆಗಳನ್ನೇ ಅಧಿಕೃತವಾಗಿ ಸ್ವೀಕರಿಸಿತು; 2013ರಲ್ಲಿ ಫೈನಲ್ ಫ್ಯಾಂಟಸಿ ಆಟದ ಆರನೆಯ ಭಾಗದ ಸಂಗೀತವನ್ನು ಆಧರಿಸಿದ 74 ರಚನೆಗಳ ಬೃಹತ್ಸಂಪುಟವೊಂದು ಅಭಿಮಾನಿಗಳ ದೇಣಿಗೆಯಿಂದಲೇ ಹೊರಬಂದಿತು. ಇಷ್ಟನ್ನು ಸಾಧಿಸಿದವರ ಶ್ರದ್ಧೆಯನ್ನು ಅಲ್ಲಗಳೆಯುವುದು ಅವಿವೇಕವಾದೀತು. ಆದರೆ ಶ್ರದ್ಧೆ ಬೇರೆ, ರುಚಿ ಬೇರೆ. ಈ ಕೂಟವು ತಲೆಯ ಮೇಲೆ ಹೊತ್ತು ಮೆರೆಸುತ್ತಿರುವ ಸೌಂದರ್ಯತತ್ತ್ವ, ಅಂದರೆ ಹಿಗ್ಗಿಸಿದಷ್ಟೂ ಉತ್ಕರ್ಷವೆಂಬ ನಂಬಿಕೆ, ಸಂಗೀತದ ಪರೀಕ್ಷೆಯಲ್ಲಿ ನಿಲ್ಲತಕ್ಕದ್ದಲ್ಲವೆಂಬುದೇ ನನ್ನ ಅಭಿಪ್ರಾಯ. ಈ ಹವ್ಯಾಸದಲ್ಲಿ ನಿಜವಾಗಿ ಗಣ್ಯವಾದುದು ಯಾವುದೋ ಅದು ಕೂಟದ ಒಳಗೂ ಹೊರಗೂ ಉಪೇಕ್ಷೆಗೆ ಗುರಿಯಾಗಿದೆ.

ಹಳೆಯ ಆಟದ ಯಂತ್ರಗಳ ಧ್ವನಿಸಾಮರ್ಥ್ಯ ಎಷ್ಟು ಕಿರಿದಾಗಿತ್ತೆಂಬುದು ಆಸಕ್ತರಿಗೆ ತಿಳಿದದ್ದೇ. 1983ರ ಫ್ಯಾಮಿಕಾಮ್‌ನಲ್ಲಿ ರಾಗವನ್ನು ಹೊರಲು ಮೂರು ದನಿಗಳು, ತಾಳಕ್ಕೊಂದು ಬುಸುಗುಟ್ಟುವ ಸದ್ದು, ಅದರ ಮೇಲೆ ಮುದ್ರಿತ ಧ್ವನಿಯ ತುಣುಕುಗಳಿಗೊಂದು ದಾರಿ. 1989ರ ಗೇಮ್ ಬಾಯ್‌ನಲ್ಲಿ ಒಟ್ಟು ನಾಲ್ಕೇ ದನಿಗಳು. ಈ ಬಡತನದಲ್ಲಿ ಬರೆದವರಿಗೆ ಒಂದೊಂದು ಸ್ವರವೂ ಲೆಕ್ಕದ ಸ್ವರವಾಗಿತ್ತು. ಆಟಗಾರನು ಎಷ್ಟು ಹೊತ್ತು ಆಡುವನೆಂಬುದು ಗೊತ್ತಿಲ್ಲದ ಕಾರಣ, ರಚನೆಯು ಮುಕ್ತಾಯವಿಲ್ಲದೆ ಸುತ್ತಿ ಸುತ್ತಿ ಬರುವಂತೆಯೂ, ಹಾಗೆ ನೂರು ಸಲ ಬಂದರೂ ಬೇಸರ ಹುಟ್ಟಿಸದಂತೆಯೂ ಇರಬೇಕಾಗಿತ್ತು.

ಈಗ ಒಂದೇ ಒಂದು ರಚನೆಯನ್ನು ಹಿಡಿದು ನೋಡೋಣ. ಗೇಮ್ ಬಾಯ್‌ನ ಜೊತೆಯಲ್ಲಿ ಮನೆಮನೆಯನ್ನೂ ಹೊಕ್ಕ ಟೆಟ್ರಿಸ್ ಆಟದ ಮೊದಲನೆಯ ಧಾಟಿಯನ್ನು ಕೇಳದವರು ವಿರಳ. ಅದು ನಿಂಟೆಂಡೊದ ಹಿರೊಕಾಜು ತನಾಕಾ ಅವರು ಯಂತ್ರಕ್ಕೆ ಅಳವಡಿಸಿದ ರಷ್ಯದ ಜನಪದಗೀತೆ ‘ಕೊರೊಬೈನಿಕಿ’; ಗೀತೆಯ ಸಾಹಿತ್ಯಕ್ಕೆ ಆಧಾರ ನೆಕ್ರಾಸೊವ್ ಕವಿಯ 1861ರ ಕಾವ್ಯ. ಆದುದರಿಂದ ಅಭಿಮಾನಿಗಳು ಯಾವುದನ್ನು ಮೂಲವೆಂದು ಪೂಜಿಸುವರೋ ಅದು ತಾನೇ ಒಂದು ವಾದ್ಯಸಂಯೋಜನೆಯೆಂಬುದನ್ನು ಮೊದಲು ಗಮನಿಸಬೇಕು.

ಆಧಾರಶ್ರುತಿಯನ್ನು ಷಡ್ಜವೆಂದು ಇಟ್ಟುಕೊಂಡರೆ, ಧಾಟಿಯು ಪಂಚಮದಿಂದ ಎತ್ತಿ, ಕೆಳಗಿನ ರಿಷಭಕ್ಕೆ ಒಮ್ಮೆಗೇ ಇಳಿದು, ಗಾಂಧಾರ ಮಧ್ಯಮಗಳವರೆಗೆ ಹತ್ತಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ ಷಡ್ಜದಲ್ಲಿ ನಿಲ್ಲುವುದು. ಎರಡನೆಯ ಸಾಲು ಮಧ್ಯಮದಿಂದ ಹೊರಟು, ಶುದ್ಧ ಧೈವತವನ್ನು ಮೆಟ್ಟಿ, ತಾರಷಡ್ಜವನ್ನು ಮುಟ್ಟಿ, ಅಲ್ಲಿಂದ ಇಳಿಯುವಾಗ ಕೈಶಿಕಿ ನಿಷಾದವನ್ನು ಸವರಿಕೊಂಡು ಬರುವುದು. ಇಲ್ಲಿಯವರೆಗೆ ಮೇಲ್ದನಿಯ ಸ್ವರಗಳೆಲ್ಲವೂ ನಟಭೈರವಿಯವು. ಆದರೆ ಯಂತ್ರದ ಎರಡನೆಯ ದನಿಯನ್ನು ಬೇರೆಯಾಗಿ ಕೇಳಿದರೆ ವಿಸ್ಮಯವಾಗುವುದು: ಧಾಟಿಯು ಎತ್ತಿಕೊಂಡ ಕ್ಷಣದಿಂದಲೇ ಅದು ಕೆಳಗಡೆ ಕಾಕಲಿ ನಿಷಾದವನ್ನು ನುಡಿಯುತ್ತಿರುವುದು. ಮೇಲೆ ನಟಭೈರವಿ, ಕೆಳಗೆ ಕೀರವಾಣಿ! ಮುಂದೆ ನಡೆ ನಿಧಾನವಾಗಿ, ಸ್ವರಗಳು ದೀರ್ಘವಾಗುವ ಉತ್ತರಾರ್ಧದಲ್ಲಿ, ಅದುವರೆಗೂ ಕೆಳದನಿಯಲ್ಲಿ ಅಡಗಿದ್ದ ಕಾಕಲಿಯು ಮೇಲ್ದನಿಗೇ ಬಂದು, ಎರಡನೆಯ ಸಾಲಿನ ಕೊನೆಯಲ್ಲಿ ಷಡ್ಜಕ್ಕೆ ಸೇರದೆ ತುದಿಗಾಲಿನಲ್ಲಿ ನಿಂತುಬಿಡುವುದು. ಧಾಟಿಯು ಮತ್ತೆ ಮೊದಲಿಂದ ತೊಡಗಲೇಬೇಕೆಂಬ ಒತ್ತಾಯ ಹುಟ್ಟುವುದು ಈ ನಿಲುಗಡೆಯಿಂದಲೇ. ಒಂದು ಅರ್ಧಸ್ವರದ ಅಂತರದಲ್ಲಿರುವ ಎರಡು ನಿಷಾದಗಳ ನಡುವಣ ಈ ತಾಕಲಾಟವೇ, ಎಷ್ಟು ಸಲ ಕೇಳಿದರೂ ಹಳಸದ ಗುಣವನ್ನು ಧಾಟಿಗೆ ಒದಗಿಸಿದೆಯೆಂದು ನಾನು ಭಾವಿಸುವೆನು.

ಇದನ್ನು ವಿಸ್ತರಿಸ ಹೊರಟವರು ಮಾಡಿದ್ದೇನು? 1992ರಲ್ಲಿ ಡಾಕ್ಟರ್ ಸ್ಪಿನ್ ಎಂಬ ಹೆಸರಿನ ಮರೆಯಲ್ಲಿ ಆಂಡ್ರ್ಯೂ ಲಾಯ್ಡ್ ವೆಬರ್ ಅವರಂಥ ರಂಗಸಂಗೀತದ ಪ್ರಸಿದ್ಧರೇ ಇದಕ್ಕೆ ಕೈಹಾಕಿ, ನೃತ್ಯಶಾಲೆಯ ಡ್ರಮ್ಮಿನ ಏಕಪ್ರಕಾರದ ಪೆಟ್ಟನ್ನು ಅಡಿಗಿಟ್ಟು, ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 6ನೆಯ ಸ್ಥಾನವನ್ನು ಗಳಿಸಿದರು. ಅನಂತರದ ಹವ್ಯಾಸಿಗಳಲ್ಲಿ ಬಹುಮಂದಿ ಹಿಡಿದದ್ದು ಅದೇ ಹಾದಿ: ಗಿಟಾರುಗಳ ಗರ್ಜನೆ, ಮೇಳಗಾನದ ಘೋಷ, ಪಿಟೀಲುಗಳ ಪಡೆ. ವಾದ್ಯಗಳು ಹೆಚ್ಚಿದಂತೆಲ್ಲ ಅವುಗಳಿಗೆ ತಕ್ಕ ಭಾರವಾದ ಹಾರ್ಮನಿ ಬೇಕಾಗುವುದು. ಹಾರ್ಮನಿ ಭಾರವಾದಂತೆಲ್ಲ ಕಾಕಲಿಯೇ ಎಲ್ಲೆಲ್ಲಿಯೂ ತುಂಬಿಕೊಂಡು, ಇಳಿಜಾರಿನ ಆ ಮೃದುವಾದ ಕೈಶಿಕಿಯು ಕಿವಿಗೆ ಬೀಳದಂತಾಗುವುದು. ಒಗ್ಗರಣೆಯ ಘಾಟಿನಲ್ಲಿ ಸಾರಿನ ರುಚಿಯೇ ಮರೆಯಾದಂತೆ, ವಿಸ್ತಾರದ ಸಂಭ್ರಮದಲ್ಲಿ ಧಾಟಿಯ ಪ್ರಾಣವೇ ಹೋಗಿಬಿಡುವುದು.

ನಮ್ಮ ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ, ಶಾರದಾವಿಲಾಸ ಕಾಲೇಜಿಗೆ ಅನತಿದೂರದ ಮನೆಯೊಂದರಲ್ಲಿ, ವೀಣೆಯನ್ನೂ ಕಂಪ್ಯೂಟರನ್ನೂ ಸಮಾನ ಪ್ರೀತಿಯಿಂದ ಅಭ್ಯಾಸಮಾಡುವ ತರುಣನೊಬ್ಬನು ಇದೇ ಧಾಟಿಯನ್ನು ವೀಣೆಯಲ್ಲಿ ನುಡಿಸಿದುದನ್ನು ಕೇಳುವ ಯೋಗ ನನಗೆ ಒದಗಿತು. ಅವನು ಎರಡನೆಯ ದನಿಯನ್ನು ಪೂರ್ತಿಯಾಗಿ ಬಿಟ್ಟುಬಿಟ್ಟನು. ಅದರ ಸ್ಥಾನದಲ್ಲಿ ಇದ್ದುದು ಷಡ್ಜಪಂಚಮಗಳಿಗೆ ಶ್ರುತಿಮಾಡಿದ ತಾಳದ ತಂತಿಗಳ ಮೀಟು ಮಾತ್ರ. ಕೈಶಿಕಿ ನಿಷಾದಕ್ಕೆ ಭೈರವಿಯ ಅಭ್ಯಾಸಬಲದಿಂದ ಕಂಪಿತವನ್ನು ಕೊಡಲು ಬೆರಳು ತವಕಿಸಿದರೂ, ಧಾಟಿಯ ವೇಗವು ಅದನ್ನು ಸಹಿಸದೆಂದು ಅರಿತು, ಮೆಟ್ಟಿಲಿನ ಮೇಲೆ ನೇರವಾಗಿಯೇ ಒತ್ತಿ ದಾಟಿದನು. ತಾಳದ ತಂತಿಗಳಿಗೆ ನಿಷಾದದ ಗೊಡವೆಯೇ ಇಲ್ಲದುದರಿಂದ, ಉತ್ತರಾರ್ಧದಲ್ಲಿ ಕಾಕಲಿಯು ಬಂದಾಗ, ಕೇಳುತ್ತಿದ್ದವರು ಬೆಚ್ಚುವಷ್ಟು ಹೊಸದಾಗಿ ಬಂದಿತು. ಆ ಒಂದು ಸ್ವರದ ಮೇಲೆ ಮಾತ್ರ ಅವನು ತಂತಿಯನ್ನು ಒಂದಿಷ್ಟು ಎಳೆದು, ಷಡ್ಜದ ಅಂಚಿನವರೆಗೆ ಒಯ್ದು ಬಿಟ್ಟನು. ಕೊನೆಗೆ ಕೃತಕವಾದ ಮುಕ್ತಾಯವೊಂದನ್ನು ಹೆಣೆಯದೆ, ಕೃತಿಯಲ್ಲಿ ಪಲ್ಲವಿಗೆ ಮರಳುವ ಪದ್ಧತಿಯಂತೆ ಎತ್ತುಗಡೆಯ ಪಂಚಮಕ್ಕೆ ಬಂದು ಕೈ ತೆಗೆದನು. ಕೆಳದನಿಯ ಕಾಕಲಿಯನ್ನು ಬಿಟ್ಟುದರಿಂದ ತನಾಕಾ ಅವರು ಹೂಡಿದ್ದ ಗುಟ್ಟೊಂದು ಕಳೆದುಹೋಯಿತೆಂಬ ಆಕ್ಷೇಪಕ್ಕೆ ಎಡೆಯಿದೆ. ಆ ನಷ್ಟವನ್ನು ಒಪ್ಪಿಕೊಂಡೂ, ನೂರು ವಾದ್ಯಗಳ ವಿಸ್ತಾರಕ್ಕಿಂತ ಈ ಒಂಟಿವಾದ್ಯದ ತ್ಯಾಗವು ಮೂಲವನ್ನು ಹೆಚ್ಚಾಗಿ ಅರ್ಥಮಾಡಿಕೊಂಡಿದೆಯೆಂದು ನಾನು ನಿಸ್ಸಂಶಯವಾಗಿ ಹೇಳಬಲ್ಲೆ.

ಇಂಥ ನುಡಿಸಾಣಿಕೆಯು ಓವರ್‌ಕ್ಲಾಕ್ಡ್ ರೀಮಿಕ್ಸ್‌ನ ತೀರ್ಪುಗಾರರ ಮುಂದೆ ಹೋದರೆ ಉತ್ತೀರ್ಣವಾಗುವುದು ಕಷ್ಟ. ಮೂಲಕ್ಕೆ ಅತಿಯಾಗಿ ಅಂಟಿಕೊಂಡುದನ್ನೂ, ಮೂಲದಿಂದ ಅತಿಯಾಗಿ ದೂರ ಸರಿದುದನ್ನೂ ಅವರು ಸಮಾನವಾಗಿ ತಿರಸ್ಕರಿಸುವರು. ತತ್ತ್ವದಲ್ಲಿ ಇದು ಸರಿಯೇ. ಆದರೆ ಆ ಮಧ್ಯಮಮಾರ್ಗವನ್ನು ಅಳೆಯಲು ಅವರು ಹಿಡಿಯುವ ಸಾಧನವೇನು? ರಚನೆಯ ಒಟ್ಟು ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಮೂಲದ ಧಾಟಿ ಗುರುತಿಗೆ ಸಿಗುವುದೇ ಎಂದು ಸೆಕೆಂಡುಗಳ ಲೆಕ್ಕದಲ್ಲಿ ಎಣಿಸುವುದು! ಇಷ್ಟನೆಯ ಸೆಕೆಂಡಿನಿಂದ ಇಷ್ಟನೆಯದರವರೆಗೆ ಮೂಲವುಂಟು, ಅಲ್ಲಿಂದ ಮುಂದಿಲ್ಲ ಎಂಬಂಥ ಪಟ್ಟಿಗಳನ್ನು ಕಂಡಾಗ, ಇದು ವಿಮರ್ಶೆಯೋ ಅಮೀನರ ಸರ್ವೆಯೋ ಎಂಬ ಶಂಕೆ ಬಾರದಿರದು. ಎರಡು ಸ್ವರಗಳ ಸಂಬಂಧವು ರಚನೆಯ ಜೀವವಾಗಿರುವಲ್ಲಿ, ಧಾಟಿಯನ್ನು ಮೊದಲಿಂದ ಕೊನೆಯವರೆಗೆ ಅಕ್ಷರಶಃ ನುಡಿಸಿಯೂ ಮೂಲವನ್ನು ಕಳೆದುಕೊಳ್ಳಬಹುದು. ಎಂಟೇ ಸೆಕೆಂಡುಗಳಲ್ಲಿ ಅದನ್ನು ಹಿಡಿದುಕೊಡಲೂಬಹುದು. ಇದನ್ನು ಗಡಿಯಾರವು ಅಳೆಯಲಾರದು. ಧ್ವನಿಮುದ್ರಣದ ಹೊಳಪಿಗೂ ಅಂಕವಿರುವುದರಿಂದ, ಬಡ ಮೈಕಿನ ಮುಂದೆ ಕುಳಿತ ಒಳ್ಳೆಯ ವೈಣಿಕನಿಗಿಂತ ಬೆಲೆಬಾಳುವ ಸಾಫ್ಟ್‌ವೇರಿನ ಒಡೆಯನಿಗೆ ಅಲ್ಲಿ ಅವಕಾಶ ಹೆಚ್ಚೆಂಬುದನ್ನೂ ಹೇಳಬೇಕಾಗಿದೆ.

ಈ ಕಡೆಯ ಜಗಳ ಇಷ್ಟಾದರೆ, ನಮ್ಮೂರಿನ ಜಗಳ ಇನ್ನೊಂದುಂಟು. ಆಟದ ಸಂಗೀತವನ್ನು ವೀಣೆಯಲ್ಲಿ ನುಡಿಸುವುದು ಅಪಚಾರವೆಂದು ಮೂಗುಮುರಿಯುವ ಮೈಸೂರಿನ ರಸಿಕರು, ಕರ್ನಾಟಕ ಸಂಗೀತದ ಚರಿತ್ರೆಯನ್ನೂ ಮೈಸೂರಿನ ಚರಿತ್ರೆಯನ್ನೂ ಮರೆತಿರುವರು. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೊಟ್ಟುಸ್ವರಗಳನ್ನು ರಚಿಸಿದರು. ‘ಸಂತತಂ ಪಾಹಿಮಾಂ’ ಎಂಬುದರ ಧಾಟಿ ಬ್ರಿಟಿಷ್ ರಾಷ್ಟ್ರಗೀತೆಯದು. ನಮ್ಮ ಅರಮನೆಯ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಇಂದಿಗೂ ಕಚೇರಿಯ ಕೊನೆಯಲ್ಲಿ ಕೇಳಿಬರುವುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ವೆಂಕಟಗಿರಿಯಪ್ಪನವರು ಸಾಹಿತ್ಯದ ಹಂಗಿಲ್ಲದ ನಗ್ಮಾಗಳನ್ನು ರಚಿಸಿದರು. ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರು ಅವನ್ನು ಉಳಿಸಿಕೊಂಡು ಬಂದರು. ಅರಮನೆಯ ಬ್ಯಾಂಡಿನ ಪರಂಪರೆಯನ್ನು ಹೊತ್ತ ಪೊಲೀಸ್ ವಾದ್ಯವೃಂದವು ದಸರೆಯಲ್ಲಿ ಅರಮನೆಯ ಮುಂದೆ ಕೃತಿಗಳನ್ನು ಕ್ಲಾರಿನೆಟ್ಟು ಸ್ಯಾಕ್ಸೋಫೋನುಗಳಲ್ಲಿ ನುಡಿಸುವಾಗ ಚಪ್ಪಾಳೆ ತಟ್ಟುವವರಲ್ಲಿ ಈ ಮೂಗುಮುರಿಯುವವರೂ ಇರುವರಷ್ಟೆ. ಮೈಸೂರಿನ ಆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಮುಂದೆ ಮಾಡಿದ್ದೇನೆಂಬುದು ಇಲ್ಲಿ ಮುಖ್ಯ: ಕೃತಿಯನ್ನು ವಾದ್ಯಕ್ಕೆ ತಕ್ಕಂತೆ ಬಗ್ಗಿಸದೆ, ಗಮಕವನ್ನು ನುಡಿಯುವವರೆಗೂ ವಾದ್ಯವನ್ನೇ ಪಳಗಿಸಿದರು. ಪರಧಾಟಿಯನ್ನು ತರಬಾರದೆಂಬ ನಿಷೇಧ ನಮ್ಮ ಪರಂಪರೆಯಲ್ಲಿ ಎಂದೂ ಇರಲಿಲ್ಲ; ತಂದಾಗ ಯಾವುದು ಯಾವುದಕ್ಕೆ ಮಣಿಯಬೇಕೆಂಬ ವಿವೇಕವಿದ್ದಿತು.

ಮೂರನೆಯ ಪಂಗಡದವರೂ ಉಂಟು. ಆಟದ ಸಂಗೀತವು ಆರ್ಕೆಸ್ಟ್ರಾದ ವೇದಿಕೆಯನ್ನು ಏರಿದ ಮೇಲೆಯೇ ನಿಜವಾದ ಸಂಗೀತವಾಯಿತೆಂದು ಇವರ ವಾದ. 1987ರಲ್ಲಿ ಜಪಾನಿನ ಕೋಯಿಚಿ ಸುಗಿಯಾಮಾ ಅವರು ತಮ್ಮ ಡ್ರ್ಯಾಗನ್ ಕ್ವೆಸ್ಟ್ ರಚನೆಗಳನ್ನು ಸಭಾಂಗಣದಲ್ಲಿ ನುಡಿಸಿದುದನ್ನು ಪಟ್ಟಾಭಿಷೇಕವೆಂಬಂತೆ ವರ್ಣಿಸುವರು. ಆರ್ಕೆಸ್ಟ್ರಾವನ್ನು ಬಲ್ಲವರು ಹೀಗೆ ಹೇಳಲಾರರು. ಪಿಯಾನೋವನ್ನು ವ್ಯಾಸಂಗ ಮಾಡಿ, ರಷ್ಯದ ಮೆಡ್ಟ್‌ನರ್ ಎಂಬ ರಚನಕಾರನ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಸ್ವಂತ ಹಣವನ್ನು ವ್ಯಯಿಸಿ, 1950ರಲ್ಲಿ ರಿಚರ್ಡ್ ಸ್ಟ್ರೌಸ್‌ನ ಕಟ್ಟಕಡೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗಕ್ಕೂ ಆಶ್ರಯದಾತರಾಗಿದ್ದ ಜಯಚಾಮರಾಜ ಒಡೆಯರು, ತಾವೇ ಕೃತಿಗಳನ್ನು ರಚಿಸುವಾಗ ಕರ್ನಾಟಕ ಪದ್ಧತಿಯ ಚೌಕಟ್ಟನ್ನು ಬಿಟ್ಟು ಕದಲಲಿಲ್ಲ. ದೊಡ್ಡ ವೃಂದವು ಕಿರಿಯ ರಚನೆಗೆ ಘನತೆಯನ್ನು ದಾನಮಾಡಬಲ್ಲುದೆಂಬ ಭ್ರಾಂತಿ ಅವರಿಗಿದ್ದಂತೆ ತೋರದು. ತನಾಕಾ ಅವರ ನಾಲ್ಕು ದನಿಗಳ ರಚನೆಯಲ್ಲಿ ಘನತೆ ಇದ್ದರೆ ಅದು ಅಲ್ಲಿಯೇ ಇದ್ದಿತು.

ಕೂಟದ ಪರವಾಗಿ ಹೇಳಬಹುದಾದುದನ್ನೂ ಹೇಳದೆ ಬಿಡಲಾಗದು. ಲಾಭದ ಆಸೆಯಿಲ್ಲದೆ, ಊರು ಭಾಷೆಗಳ ಪರಿಚಯವಿಲ್ಲದವರು ಒಬ್ಬರ ರಚನೆಯನ್ನು ಒಬ್ಬರು ಕಿವಿಗೊಟ್ಟು ಕೇಳಿ ತಿದ್ದುವ ಪದ್ಧತಿ, ಗುರುವಿನ ಸಾನ್ನಿಧ್ಯವಿಲ್ಲದ ಎಷ್ಟೋ ಹವ್ಯಾಸಿಗಳಿಗೆ ಪಾಠಶಾಲೆಯಾಗಿದೆ. ಸಂಗ್ರಹದ ಒಳಗೆ ಹುಡುಕಿದರೆ ಒಂದೇ ಪಿಯಾನೋ, ಒಂದೇ ಗಿಟಾರಿನ ಸಂಯಮದ ರಚನೆಗಳೂ ಸಿಗುವುವು. ಅವುಗಳಲ್ಲಿ ಕೆಲವು ನನ್ನ ತರುಣಮಿತ್ರನ ವೀಣೆಗೆ ಸರಿಗಟ್ಟಬಲ್ಲವು. ಆದರೆ ಕೂಟವು ತನ್ನ ಸಾಧನೆಯೆಂದು ಸಾರುವಾಗ ಮುಂದಿಡುವುದು ಅವನ್ನಲ್ಲ, ಬೃಹತ್ಸಂಪುಟಗಳನ್ನು. ತೀರ್ಪುಗಾರರು ಗಡಿಯಾರವನ್ನು ಬದಿಗಿಟ್ಟು, ಸಂಯೋಜಕನು ಮೂಲದಲ್ಲಿ ಏನನ್ನು ಬಿಟ್ಟನು, ಯಾವ ಕಾರಣಕ್ಕೆ ಬಿಟ್ಟನು ಎಂದು ಕೇಳತೊಡಗಿದರೆ, ಆ ಸಂಗ್ರಹದ ಗಾತ್ರ ಅರ್ಧಕ್ಕೆ ಇಳಿದೀತು. ಸಂಗೀತಕ್ಕೆ ಅದರಿಂದ ನಷ್ಟವೇನೂ ಆಗದು.